ವೈದ್ಯವಿದ್ಯೆಯ ಬಾಗಿಲಿಗೆ ಕೈಹಿಡಿದು ನಡೆಸಿದವರು

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ದೀಕ್ಷಾಗುರು, ಶಿಕ್ಷಾಗುರು, ಮೋಕ್ಷಗುರು ಎಂದು ಗುರುವಿನಲ್ಲಿ ಮೂರು ಬಗೆಗಳನ್ನು ಹಿರಿಯರು ಹೇಳಿರುವದು ಈ ಸಭೆಗೆ ಹೊಸ ಮಾತಲ್ಲ. ಆದರೆ ಲೋಕದ ವ್ಯವಹಾರದಲ್ಲಿ ನಾಲ್ಕನೆಯವನೊಬ್ಬನುಂಟು. ಅವನು ಮಂತ್ರವನ್ನು ಕೊಡುವದಿಲ್ಲ. ಪಾಠವನ್ನಾದರೂ ಪೂರ್ಣವಾಗಿ ಹೇಳುವದಿಲ್ಲ. ವಿದ್ಯಾಲಯದ ಹೊರಗೆ ಅಂಜುತ್ತ ನಿಂತ ಹುಡುಗನ ಇಲ್ಲವೆ ಹುಡುಗಿಯ ಕೈ ಹಿಡಿದು ಬಾಗಿಲವರೆಗೆ ಕರೆತಂದು, ಒಳಗಿನವರಿಗೆ ಇವರ ಪರಿಚಯವನ್ನು ಹೇಳಿ, ಬಾಗಿಲು ತೆರೆಯುವವರೆಗೂ ಜೊತೆಯಲ್ಲಿ ನಿಂತು, ಅನಂತರ ತನ್ನ ಕೆಲಸಕ್ಕೆ ತಾನು ಹೊರಟುಹೋಗುತ್ತಾನೆ. ಇವನಿಗೆ ಶಾಸ್ತ್ರದಲ್ಲಿ ಬೇರೆ ಹೆಸರಿಲ್ಲ. ಗುರುಪೂರ್ಣಿಮೆಯ ದಿನ ಇವನ ಪಾದವನ್ನು ತೊಳೆಯುವವರೂ ವಿರಳ. ವೈದ್ಯವಿದ್ಯೆಯ ಚರಿತ್ರೆಯಲ್ಲಿ ಇಂಥವರು ಮಾಡಿದ ಕೆಲಸವೆಷ್ಟೆಂಬುದನ್ನು ಕೆಲಹೊತ್ತು ಆಲೋಚಿಸುವದೇ ಈ ಉಪನ್ಯಾಸದ ಉದ್ದೇಶವು.

ವೈದ್ಯನಾಗಬಯಸುವವನು ಏನು ಮಾಡಬೇಕೆಂಬುದನ್ನು ನಮ್ಮ ದೇಶದ ಪ್ರಾಚೀನರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಶಿಷ್ಯನು ಮೊದಲು ಶಾಸ್ತ್ರವನ್ನು ಪರೀಕ್ಷಿಸಬೇಕೆಂದೂ, ಬಳಿಕ ಆಚಾರ್ಯನನ್ನು ಪರೀಕ್ಷಿಸಬೇಕೆಂದೂ ಹೇಳಿದೆ. ಆಚಾರ್ಯನಾದರೋ ತನ್ನ ಬಳಿಗೆ ಬಂದ ಶಿಷ್ಯನನ್ನು ಪರೀಕ್ಷಿಸಿಯೇ ಸ್ವೀಕರಿಸತಕ್ಕವನು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಕರ್ಮವನ್ನು ಕಲಿಯುವವನು ರೋಗಿಯ ಮೈಯನ್ನು ಮುಟ್ಟುವದಕ್ಕೆ ಮುಂಚೆ ಸೋರೆ, ಸೌತೆ, ಕಲ್ಲಂಗಡಿ ಮುಂತಾದ ಕಾಯಿಗಳ ಮೇಲೆ ಕೈಯನ್ನು ಪಳಗಿಸಿಕೊಳ್ಳಬೇಕೆಂಬ ವಿಧಿಯುಂಟು. ಇವೆಲ್ಲ ಯುಕ್ತವಾದ ಮಾತುಗಳೇ ಸರಿ. ಆದರೆ ಶಿಷ್ಯನಲ್ಲಿ ಯೋಗ್ಯತೆಯಿದ್ದೂ ಆಚಾರ್ಯರೆಲ್ಲರೂ ಅವನನ್ನು ಬೇಡವೆಂದರೆ ಗತಿಯೇನು? ಈ ಪ್ರಶ್ನೆಗೆ ಆ ಗ್ರಂಥಗಳಲ್ಲಿ ಉತ್ತರವಿಲ್ಲ. ಉತ್ತರವನ್ನು ಹುಡುಕುವದಕ್ಕೆ ಸಮುದ್ರದಾಚೆಯ ಅಮೇರಿಕೆಗೆ ಹೋಗಬೇಕು. ಅಲ್ಲಿಂದ ಇಂಗ್ಲಂಡಿನ ಮಾರ್ಗವಾಗಿ ತಿರುಗಿ ನಮ್ಮ ಮುಂಬಯಿಗೇ ಬರಬೇಕು. ದಾರಿಯು ದೀರ್ಘವೆಂದು ಶ್ರೋತೃಗಳು ಬೇಸರಿಸಬಾರದೆಂದು ಪ್ರಾರ್ಥನೆ.

ಎಲಿಝಬೆಥ್ ಬ್ಲ್ಯಾಕ್‌ವೆಲ್ ಎಂಬವಳು ಇಂಗ್ಲಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ 1821ರಲ್ಲಿ ಹುಟ್ಟಿದವಳು. ಹನ್ನೊಂದು ವರ್ಷದವಳಿದ್ದಾಗ ಆ ಕುಟುಂಬವು ಅಮೇರಿಕೆಗೆ ಹೋಯಿತು. 1838ರಲ್ಲಿ ತಂದೆಯು ತೀರಿಕೊಂಡನು. ಮನೆಯಲ್ಲಿ ಹಣವಿಲ್ಲ, ಮಕ್ಕಳು ಬಹಳ. ಎಲಿಝಬೆಥಳು ಶಾಲೆಯಲ್ಲಿ ಕಲಿಸಿ ಹೊಟ್ಟೆ ಹೊರೆಯಬೇಕಾಯಿತು. ಹೀಗಿರಲು ಅವಳ ಪರಿಚಯದ ಸ್ತ್ರೀಯೊಬ್ಬಳು ಗುಣವಾಗದ ವ್ಯಾಧಿಯಿಂದ ಮಲಗಿದ್ದವಳು, ತನಗೆ ಚಿಕಿತ್ಸೆ ಮಾಡಿದವರು ಹೆಂಗಸರಾಗಿದ್ದರೆ ತನ್ನ ಸಂಕಟದಲ್ಲಿ ಬಹು ಪಾಲು ತಪ್ಪುತ್ತಿದ್ದಿತೆಂದು ಹೇಳಿ, ನೀನೇಕೆ ವೈದ್ಯಳಾಗಬಾರದೆಂದು ಕೇಳಿದಳು. ಆ ಮಾತು ಮೊದಲು ಎಲಿಝಬೆಥಳಿಗೆ ಹೇಸಿಕೆಯನ್ನೇ ಉಂಟುಮಾಡಿತು. ಶರೀರದ ವಿಷಯವನ್ನು ಕುರಿತಾದ ಪುಸ್ತಕವನ್ನು ನೋಡುವದಕ್ಕೂ ಅವಳಿಗೆ ಮನಸ್ಸಿರಲಿಲ್ಲ. ಆದರೂ ಬೀಜವು ನೆಲಕ್ಕೆ ಬಿದ್ದಿತು.

ಆ ಕಾಲದ ಅಮೇರಿಕೆಯಲ್ಲಿ ವೈದ್ಯನಾಗುವ ಪದ್ಧತಿಯು ಒಂದು ರೀತಿಯಲ್ಲಿ ನಮ್ಮ ಗುರುಕುಲದ ಪದ್ಧತಿಯನ್ನೇ ಹೋಲುತ್ತಿದ್ದಿತು. ವಿದ್ಯಾರ್ಥಿಯು ಯಾವನಾದರೊಬ್ಬ ವೈದ್ಯನ ಹತ್ತಿರ ಕೆಲವು ವರ್ಷ ಇದ್ದು, ಅವನ ಪುಸ್ತಕಗಳನ್ನು ಓದಿ, ಅವನ ಔಷಧಗಳನ್ನು ಅರೆದು, ಅವನ ಹಿಂದೆ ರೋಗಿಗಳ ಮನೆಗಳಿಗೆ ಹೋಗಿ, ಇದರ ಜೊತೆಯಲ್ಲಿ ವೈದ್ಯವಿದ್ಯಾಲಯದ ಉಪನ್ಯಾಸಗಳನ್ನೂ ಕೇಳಬೇಕು. ಗಂಡುಹುಡುಗನಿಗೆ ಇದು ಸುಲಭ. ಹೆಣ್ಣಿಗೆ ಯಾರು ಮನೆಯ ಬಾಗಿಲು ತೆರೆಯುತ್ತಾರೆ?

ಇಬ್ಬರು ತೆರೆದರು. ಉತ್ತರ ಕೆರೊಲಿನಾ ಪ್ರಾಂತದ ಆ್ಯಶ್‌ವಿಲ್ ಎಂಬ ಊರಿನಲ್ಲಿ ಜಾನ್ ಡಿಕ್ಸನ್ ಎಂಬ ಪಾದ್ರಿಯಿದ್ದನು. ಪಾದ್ರಿಯಾಗುವದಕ್ಕೆ ಮೊದಲು ಅವನು ವೈದ್ಯನಾಗಿದ್ದವನು. 1845ರಲ್ಲಿ ಎಲಿಝಬೆಥಳು ಅವನ ಶಾಲೆಗೆ ಶಿಕ್ಷಕಿಯಾಗಿ ಹೋಗಿ, ಹಗಲು ಹುಡುಗಿಯರಿಗೆ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಅವನ ಕಪಾಟಿನ ವೈದ್ಯಗ್ರಂಥಗಳನ್ನು ಓದತೊಡಗಿದಳು. ಅಲ್ಲಿಯ ಒಂದು ಸಂಗತಿಯು ಕೇಳತಕ್ಕದ್ದಾಗಿದೆ. ಜೊತೆಯ ಶಿಕ್ಷಕಿಯೊಬ್ಬಳು ಸತ್ತ ಜೀರುಂಡೆಯೊಂದನ್ನು ತಂದು, ಇಗೋ ನಿನ್ನ ಮೊದಲನೆಯ ಶವಚ್ಛೇದನಕ್ಕೆ ಸಾಮಗ್ರಿ ಎಂದು ನಗುತ್ತ ಕೊಟ್ಟಳು. ಎಲಿಝಬೆಥಳು ಅದನ್ನು ಒಂದು ಚಿಪ್ಪಿನ ಮೇಲಿರಿಸಿ, ತಲೆಗೂದಲಿನ ಸೂಜಿಯಿಂದ ಒತ್ತಿ ಹಿಡಿದು, ಚಿಕ್ಕ ಚಾಕುವಿನಿಂದ ಕೊಯ್ಯಲು ಹೋದಳು, ಕೈ ಏಳಲೊಲ್ಲದು. ಬಹಳ ಹೊತ್ತು ತನ್ನ ಮನಸ್ಸಿನೊಡನೆ ತಾನೇ ಹೋರಾಡಿ ಕಡೆಗೆ ಕೊಯ್ದಳು. ಒಳಗೆ ಹಳದಿಯ ಒಣ ಪುಡಿಯಲ್ಲದೆ ಮತ್ತೇನೂ ಇರಲಿಲ್ಲ. ಸುಶ್ರುತನ ಶಿಷ್ಯನ ಸೋರೆಕಾಯಿಗೂ ಈ ಜೀರುಂಡೆಗೂ ಏನು ಭೇದ? ಅಂದು ಆ ಹುಳವನ್ನು ಕೊಯ್ಯುವದಕ್ಕೆ ಆದಷ್ಟು ಕಷ್ಟವು ಮುಂದೆ ಮನುಷ್ಯದೇಹದ ವಿಷಯದಲ್ಲಿಯೂ ತನಗೆ ಆಗಲಿಲ್ಲವೆಂಬ ಅರ್ಥದಲ್ಲಿ ಅವಳೇ ತನ್ನ ವೃದ್ಧಾಪ್ಯದಲ್ಲಿ ಬರೆದಿದ್ದಾಳೆ.

ಮರುವರ್ಷ ಅವಳು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿಗೆ ಹೋದಳು. ಅಲ್ಲಿ ಜಾನ್ ಡಿಕ್ಸನನ ಸಹೋದರ, ಹೆಸರಾದ ವೈದ್ಯ, ಸ್ಯಾಮ್ಯುಯೆಲ್ ಹೆನ್ರಿ ಡಿಕ್ಸನನ ಮನೆಯಲ್ಲಿ ವಾಸ; ಬಾಲಿಕೆಯರಿಗೆ ಸಂಗೀತವನ್ನು ಕಲಿಸುವದರಿಂದ ಬಂದ ಹಣದ ಉಳಿತಾಯ; ಅವನ ಮೇಲ್ವಿಚಾರಣೆಯಲ್ಲಿ ವ್ಯಾಸಂಗ. 1847ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಜೋಸೆಫ್ ವಾರಿಂಗ್ಟನ್ ಎಂಬ ಕ್ವೇಕರ್ ಪಂಥದ ವೈದ್ಯನನ್ನು ಆಶ್ರಯಿಸಿದಳು.

ಈ ವಾರಿಂಗ್ಟನನ ನಡತೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅವನಿಗೆ ಈ ಪ್ರಯತ್ನದಲ್ಲಿ ಪೂರ್ತಿ ನಂಬಿಕೆಯಿರಲಿಲ್ಲ. ವೈದ್ಯಳಾಗುವದಕ್ಕಿಂತ ಶುಶ್ರೂಷೆಯ ಕೆಲಸವೇ ಸ್ತ್ರೀಗೆ ಯೋಗ್ಯವೆಂದು ಮೊದಲು ಅವನ ಮತ. ವಿದ್ಯಾಲಯಗಳು ಒಂದರ ಮೇಲೊಂದು ಇಲ್ಲವೆಂದಾಗ, ಇಲ್ಲಿ ನಿನಗೆ ಪ್ರವೇಶವು ಸಿಕ್ಕುವ ಹಾಗಿಲ್ಲ, ಪ್ಯಾರಿಸಿಗೆ ಹೋಗಿ ಗಂಡಸಿನ ಉಡುಪನ್ನು ತೊಟ್ಟು ಕಲಿ ಎಂದೂ ಅವಳಿಗೆ ಹೇಳಿನೋಡಿದನು. ಅವಳು ವೇಷವನ್ನು ಒಲ್ಲೆನೆಂದಳು. ಸ್ತ್ರೀಯಾಗಿಯೇ ಒಳಹೊಕ್ಕರೆ ಮಾತ್ರ ಮುಂದಿನವರಿಗೆ ದಾರಿಯಾದೀತೆಂಬುದು ಅವಳ ವಾದ. ಅಭಿಪ್ರಾಯಭೇದ ಬಂದಿತೆಂದು ವಾರಿಂಗ್ಟನನು ಕೈಬಿಟ್ಟನೇ? ಇಲ್ಲ. ತನ್ನ ಪುಸ್ತಕಗಳನ್ನು ಕೊಟ್ಟನು, ತನ್ನ ರೋಗಿಗಳನ್ನು ತೋರಿಸಿದನು, ವಿದ್ಯಾಲಯಗಳಿಗೆ ಕಾಗದವನ್ನೂ ಬರೆದನು. ತನಗೆ ಸಂದೇಹವಿದ್ದರೂ ಶಿಷ್ಯಳ ನಿಶ್ಚಯಕ್ಕೆ ಅಡ್ಡಬಾರದೆ ನೆರವಾಗುವದು ಸುಲಭವಾದ ಸಂಗತಿಯಲ್ಲ. ಪೂರ್ಣ ನಂಬಿಕೆಯುಳ್ಳವನು ಸಹಾಯ ಮಾಡಿದರೆ ಅದರಲ್ಲಿ ಅಷ್ಟೇನು ಹೆಚ್ಚು?

29 ವಿದ್ಯಾಲಯಗಳು ಅವಳನ್ನು ನಿರಾಕರಿಸಿದವೆಂದು ಚರಿತ್ರಕಾರರು ಹೇಳುತ್ತಾರೆ. ಕೊನೆಗೆ ನ್ಯೂಯಾರ್ಕ ಪ್ರಾಂತದ ಜಿನೀವಾ ಎಂಬ ಚಿಕ್ಕ ಊರಿನ ವೈದ್ಯವಿದ್ಯಾಲಯಕ್ಕೆ ವಾರಿಂಗ್ಟನನ ಕಾಗದ ಮುಟ್ಟಿತು. ಅಲ್ಲಿಯ ಅಧ್ಯಾಪಕರಿಗೆ ಅವಳನ್ನು ಸೇರಿಸಿಕೊಳ್ಳುವ ಮನಸ್ಸಿಲ್ಲ. ಅಂಥ ದೊಡ್ಡ ವೈದ್ಯನಿಗೆ ಇಲ್ಲವೆನ್ನುವ ಧೈರ್ಯವೂ ಇಲ್ಲ. ಅದಕ್ಕಾಗಿ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಒಬ್ಬನು ವಿರೋಧಿಸಿದರೂ ಸಾಕು, ಇಲ್ಲವೆಂದು ಬರೆಯುವೆವು ಎಂದರು. ಹುಡುಗರು ಇದನ್ನು ಯಾರೋ ಮಾಡಿದ ಚೇಷ್ಟೆಯೆಂದು ಭಾವಿಸಿ, ಕೇಕೆ ಹಾಕಿ ಒಕ್ಕೊರಲಿನಿಂದ ಒಪ್ಪಿಗೆ ಕೊಟ್ಟರು! ಕೆಲವು ದಿನಗಳ ಬಳಿಕ ಅವಳು ನಿಜವಾಗಿ ಬಂದು ಕುಳಿತಾಗ ತರಗತಿಯೆಲ್ಲ ನಿಶ್ಶಬ್ದವಾಯಿತು. 1849ರ ಜನವರಿ 23ರಂದು ಅವಳು ಪದವಿಯನ್ನು ಪಡೆದಳು. ಅಮೇರಿಕೆಯಲ್ಲಿ ವೈದ್ಯಪದವಿಯನ್ನು ಪಡೆದ ಮೊದಲನೆಯ ಸ್ತ್ರೀ ಅವಳೇ. ಅದೇ ವರ್ಷ ಪ್ಯಾರಿಸಿನ ಹೆರಿಗೆಯ ಆಸ್ಪತ್ರೆಯಲ್ಲಿ ಎಳೆಗೂಸಿನ ಕಣ್ಣಿಗೆ ಚಿಕಿತ್ಸೆ ಮಾಡುವಾಗ ಸೋಂಕು ತಗಲಿ ಅವಳ ಒಂದು ಕಣ್ಣು ಹೋಯಿತು. ಶಸ್ತ್ರವೈದ್ಯಳಾಗಬೇಕೆಂಬ ಆಶೆಯು ಅಲ್ಲಿಗೆ ಮುಗಿಯಿತು.

ಆಮೇಲೆ ಅವಳು ಇತರರ ಕೈಯನ್ನು ಹಿಡಿಯಲಾರಂಭಿಸಿದಳು. 1853ರಲ್ಲಿ ಮೇರಿ ಝಕ್ಷೆವ್ಸ್ಕಾ ಎಂಬವಳು ಜರ್ಮನಿಯಿಂದ ನ್ಯೂಯಾರ್ಕಿಗೆ ಬಂದಳು. ಬರ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಪ್ರಧಾನ ಸೂಲಗಿತ್ತಿಯಾಗಿದ್ದವಳು. ಇಲ್ಲಿ ಭಾಷೆ ತಿಳಿಯದೆ ಉಣ್ಣೆಯ ನೆಯ್ಗೆಯ ಸಾಮಾನುಗಳನ್ನು ಮಾರಿ ಬದುಕುತ್ತಿದ್ದಳು. ಬ್ಲ್ಯಾಕ್‌ವೆಲ್ಲಳು ಅವಳನ್ನು ತನ್ನ ಚಿಕ್ಕ ಔಷಧಾಲಯಕ್ಕೆ ಸೇರಿಸಿಕೊಂಡು, ತಾನೇ ಇಂಗ್ಲಿಷನ್ನು ಕಲಿಸಿ, ಕ್ಲೀವ್‌ಲಂಡಿನ ವೈದ್ಯವಿದ್ಯಾಲಯದಲ್ಲಿ ಸ್ಥಳವನ್ನು ದೊರಕಿಸಿಕೊಟ್ಟಳು. 1856ರಲ್ಲಿ ಆಕೆ ವೈದ್ಯಳಾದಳು. ಮುಂದೆ 1862ರಲ್ಲಿ ಬಾಸ್ಟನ್ನಿನಲ್ಲಿ ತಾನೇ ಸ್ತ್ರೀಯರ ಆಸ್ಪತ್ರೆಯೊಂದನ್ನು ಸ್ಥಾಪಿಸಿದಳು. ಅವಳ ಹತ್ತಿರ ಪಳಗಿ ವೈದ್ಯಳಾದವಳು ಲೂಸಿ ಸೀವಲ್. 1865ರಲ್ಲಿ ಇಂಗ್ಲಂಡಿನಿಂದ ಶಾಲೆಗಳನ್ನು ನೋಡಿಹೋಗಲು ಬಂದ ಸೋಫಿಯಾ ಜೆಕ್ಸ್-ಬ್ಲೇಕ್ ಎಂಬ ಶಿಕ್ಷಕಿಯು ಆ ಆಸ್ಪತ್ರೆಯಲ್ಲಿ ಲೂಸಿಯ ಕೆಲಸವನ್ನು ಕಣ್ಣಾರೆ ಕಂಡು, ಕೆಲವು ಕಾಲ ಅಲ್ಲಿಯೇ ಸಹಾಯಕಳಾಗಿ ನಿಂತು, ಶಿಕ್ಷಕವೃತ್ತಿಯನ್ನು ಬಿಟ್ಟು ವೈದ್ಯಳಾಗುವೆನೆಂದು ನಿಶ್ಚಯಿಸಿದಳು. ಇದು ಒಂದು ಧಾರೆ.

ಇನ್ನೊಂದು ಧಾರೆಯು ಲಂಡನ್ನಿನಲ್ಲಿ ಹುಟ್ಟಿತು. 1859ರ ಮಾರ್ಚಿಯಲ್ಲಿ ಬ್ಲ್ಯಾಕ್‌ವೆಲ್ಲಳು ಅಲ್ಲಿ ಕೆಲವು ಉಪನ್ಯಾಸಗಳನ್ನು ಮಾಡಿದಳು. ಕೇಳಲು ಬಂದವರಲ್ಲಿ ಎಲಿಝಬೆಥ್ ಗ್ಯಾರೆಟ್ ಎಂಬ 22 ವರ್ಷದ ತರುಣಿಯೂ ಒಬ್ಬಳು. ಪರಿಚಯ ಮಾಡಿಸಿದಾಗ, ಈಕೆಯು ವೈದ್ಯಳಾಗಲು ಆಗಲೇ ನಿಶ್ಚಯಿಸಿದವಳೆಂದು ಬ್ಲ್ಯಾಕ್‌ವೆಲ್ಲಳು ತಪ್ಪಾಗಿ ತಿಳಿದು, ಸಮಾನಳಾದ ಸಹೋದ್ಯೋಗಿಯೊಡನೆ ಮಾತನಾಡುವಂತೆ ಮುಂದಿನ ಕೆಲಸವನ್ನೆಲ್ಲ ಚರ್ಚಿಸಿಬಿಟ್ಟಳು. ಗ್ಯಾರೆಟ್ಟಳಿಗೆ ದಿಗಿಲಾಯಿತು, ತನಗೆ ಮೀರಿದ ಹೊರೆಯನ್ನು ಯಾರೋ ಥಟ್ಟನೆ ತಲೆಯ ಮೇಲಿಟ್ಟ ಹಾಗಾಯಿತು. ಆದರೆ ಆ ಹೊರೆಯನ್ನು ಇಳಿಸಲಿಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿ ನಿಂತು ತನ್ನ ಧೈರ್ಯವನ್ನು ತಾನೇ ಒರೆಗೆ ಹಚ್ಚಿ ನೋಡಿಕೊಂಡು, 1865ರಲ್ಲಿ ಔಷಧಕಾರರ ಸಂಘದ ಪರೀಕ್ಷೆಯ ಮೂಲಕ ಚಿಕಿತ್ಸೆ ಮಾಡುವ ಅಧಿಕಾರವನ್ನು ಪಡೆದಳು. ಅವಳು ಒಳಗೆ ಬಂದೊಡನೆ ಆ ಸಂಘದವರು ನಿಯಮವನ್ನು ಬದಲಿಸಿ ಹಿಂದೆ ಬರುವವರಿಗೆ ಬಾಗಿಲನ್ನು ಮುಚ್ಚಿದರು! ಶಿಷ್ಯರ ಅಳವನ್ನು ತಿಳಿದು ಮಾತನಾಡುವದು ಗುರುವಿನ ಲಕ್ಷಣವೆನ್ನುವರು. ತಿಳಿಯದೆ ಆಡಿದ ದೊಡ್ಡ ಮಾತು ಕೂಡ ಒಮ್ಮೊಮ್ಮೆ ಶಿಷ್ಯರನ್ನು ಬೆಳೆಯಿಸುವದುಂಟು.

ಈ ಎರಡು ಧಾರೆಗಳು ಕೂಡಿದ್ದು ಏಡಿತ್ ಪೀಚಿಯೆಂಬವಳಲ್ಲಿ. ಇವಳು 1845ರಲ್ಲಿ ಇಂಗ್ಲಂಡಿನ ಎಸೆಕ್ಸ್ ಪ್ರಾಂತದ ಲ್ಯಾಂಗಮ್ ಎಂಬ ಹಳ್ಳಿಯಲ್ಲಿ ಹುಟ್ಟಿದವಳು. ತಂದೆ ಬ್ಯಾಪ್ಟಿಸ್ಟ್ ಪಂಥದ ಧರ್ಮೋಪದೇಶಕ, ತಾಯಿ ಗ್ರೀಕ್ ಭಾಷೆಯನ್ನು ಬಲ್ಲ ವಿದ್ಯಾವಂತೆ. ತಾನೂ ಪಾಠ ಹೇಳಿ ಬದುಕುತ್ತಿದ್ದಳು. 1869ರಲ್ಲಿ ಜೆಕ್ಸ್-ಬ್ಲೇಕಳು ಎಡಿಂಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನು ಕಲಿಯಲು ಜೊತೆಗಾರ್ತಿಯರನ್ನು ಹುಡುಕುತ್ತಿರುವಳೆಂದು ತಿಳಿದು ಅವಳಿಗೆ ಕಾಗದ ಬರೆದಳು. ಸಾಧಾರಣ ಬುದ್ಧಿಯೂ ಬೇಕಾದಷ್ಟು ಛಲವೂ ಇದ್ದರೆ ಸಾಕಾದೀತೆ ಎಂಬುದೇ ಆ ಕಾಗದದ ಮುಖ್ಯ ಪ್ರಶ್ನೆ. ಬಾ ಎಂಬ ಉತ್ತರವು ಬಂದಿತು. ಪ್ರವೇಶಪರೀಕ್ಷೆಗೆ ಕುಳಿತವರು 152 ಜನ. ಅವರಲ್ಲಿ ಸ್ತ್ರೀಯರು ಐವರು. ಮೊದಲನೆಯ ಏಳು ಸ್ಥಾನಗಳಲ್ಲಿ ನಾಲ್ಕು ಈ ಐವರಿಗೇ ಹೋದವು. ಬೇಗನೆ ಅವರ ಸಂಖ್ಯೆಯು ಏಳಾಯಿತು.

1870ರಲ್ಲಿ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಪೀಚಿಗೆ ಹೋಪ್ ವಿದ್ಯಾರ್ಥಿವೇತನವು ದೊರೆಯತಕ್ಕದ್ದಿತ್ತು. ಮೇಲಿದ್ದ ಇಬ್ಬರು ಎರಡನೆಯ ಸಲ ಕುಳಿತವರಾದ್ದರಿಂದ ಅವರಿಗೆ ಹಕ್ಕಿಲ್ಲ. ಆದರೆ ಪ್ರಾಧ್ಯಾಪಕನು, ಸ್ತ್ರೀಯರು ಬೇರೆ ಹೊತ್ತಿನಲ್ಲಿ ಪಾಠ ಕೇಳಿದವರು, ತರಗತಿಗೆ ಸೇರಿದವರಲ್ಲ ಎಂಬ ಕಾರಣ ಹೇಳಿ, ಅವಳಿಗಿಂತ ಕೆಳಗಿನ ಗಂಡಸರಿಗೆ ವೇತನವನ್ನು ಕೊಟ್ಟನು. ಬೇರೆ ಹೊತ್ತಿನಲ್ಲಿ ಕೂಡ್ರಿಸಿದವರೂ ಅವರೇ, ಬೇರೆ ಕುಳಿತಿರೆಂದು ದೂರಿದವರೂ ಅವರೇ! ಸ್ವಾರಸ್ಯವೇನೆಂದರೆ, ಆ ವೇತನದ ಮೂಲಧನವು ಹಿಂದಿನ ಪ್ರಾಧ್ಯಾಪಕ ಹೋಪನು ಸ್ತ್ರೀಯರಿಗಾಗಿ ಮಾಡಿದ ಉಪನ್ಯಾಸಗಳಿಗೆ ಆ ಸ್ತ್ರೀಯರೇ ಕೊಟ್ಟ ಹಣವಾಗಿದ್ದಿತು.

ಅದೇ ವರ್ಷದ ನವಂಬರ 18ರಂದು ಅಂಗರಚನಾಶಾಸ್ತ್ರದ ಪರೀಕ್ಷೆಗೆ ಹೋದಾಗ ದೊಡ್ಡ ಗುಂಪೊಂದು ದಾರಿಗಟ್ಟಿ ಈ ಹೆಣ್ಣುಮಕ್ಕಳ ಮೇಲೆ ಕೆಸರನ್ನೆರಚಿ, ಮುಖಕ್ಕೆ ಹೊಡೆದಂತೆ ಬಾಗಿಲನ್ನಿಕ್ಕಿತು. ಒಳಗಿನ ಕೆಲವು ಸಜ್ಜನ ವಿದ್ಯಾರ್ಥಿಗಳು ಬಾಗಿಲು ತೆರೆದು ಅವರನ್ನು ಸೇರಿಸಿಕೊಂಡರು. ಪರೀಕ್ಷೆಯ ನಡುವೆ ಪುಂಡರು ಒಂದು ಕುರಿಯನ್ನು ಒಳಕ್ಕೆ ನೂಕಿದರು. ಹ್ಯಾಂಡಿಸೈಡ್ ಎಂಬ ಉಪಾಧ್ಯಾಯನು, ಅದೂ ಇರಲಿ, ಹೊರಗಿನವರಿಗಿಂತ ಅದಕ್ಕೇ ಹೆಚ್ಚು ಬುದ್ಧಿಯುಂಟು ಎಂದನಂತೆ. 1873ರಲ್ಲಿ ನ್ಯಾಯಾಲಯವು ಈ ಸ್ತ್ರೀಯರನ್ನು ಸೇರಿಸಿಕೊಂಡದ್ದೇ ಅಕ್ರಮವೆಂದು ತೀರ್ಪಿತ್ತಿತು. ನಾಲ್ಕು ವರ್ಷದ ಶ್ರಮವೆಲ್ಲ ಮಣ್ಣುಪಾಲು. ಈ ಸಂದರ್ಭದಲ್ಲಿ ಹಿರಿಯಳಾದ ಗ್ಯಾರೆಟ್ಟಳು, ಹಟವನ್ನು ಬಿಟ್ಟು ಪ್ಯಾರಿಸಿಗೆ ಹೋಗಿ ಕಲಿಯುವದು ಲೇಸೆಂದು ಪತ್ರಿಕೆಯಲ್ಲಿ ಬರೆದಳು. ಜೆಕ್ಸ್-ಬ್ಲೇಕಳು ಬಹಿರಂಗವಾಗಿಯೇ ಅದನ್ನು ಪ್ರತಿಭಟಿಸಿ, ಸ್ವದೇಶದಲ್ಲಿಯೇ ಬಾಗಿಲು ತೆರೆಯಬೇಕೆಂದಳು. ಒಂದೇ ಪರಂಪರೆಯವರಾದ ಮಾತ್ರಕ್ಕೆ ಒಂದೇ ಮಾತಿನವರಾಗಿರಬೇಕೆಂಬ ನಿಯಮವಿಲ್ಲ. ಪೀಚಿಯು ಸ್ವಿಟ್ಝರ್ಲಂಡಿನ ಬರ್ನ್ ಪಟ್ಟಣದಲ್ಲಿ 1877ರ ಆರಂಭಕ್ಕೆ ಪದವಿಯನ್ನು ಪಡೆದು, ಅದೇ ವರ್ಷ ಡಬ್ಲಿನ್ನಿನ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ, ಲೀಡ್ಸ್ ನಗರದಲ್ಲಿ ವೈದ್ಯವೃತ್ತಿಯನ್ನು ಕೈಕೊಂಡಳು. ಅಷ್ಟರಲ್ಲಿ ಜೆಕ್ಸ್-ಬ್ಲೇಕಳ ಪ್ರಯತ್ನದಿಂದ 1874ರಲ್ಲಿ ಲಂಡನ್ನಿನಲ್ಲಿ ಸ್ತ್ರೀಯರದೇ ಆದ ವೈದ್ಯವಿದ್ಯಾಲಯವು ಸ್ಥಾಪಿತವಾಗಿದ್ದಿತು.

ಇನ್ನು ಮುಂಬಯಿಗೆ ಬರೋಣ. ಪರಪುರುಷನಿಗೆ ನಾಡಿಯನ್ನು ತೋರಿಸಲೊಲ್ಲದೆ ಸಾಯುತ್ತಿದ್ದ ಸ್ತ್ರೀಯರಿಗಾಗಿ ಜಾರ್ಜ ಕಿಟ್ರೆಜ್ ಎಂಬ ಅಮೇರಿಕದ ವ್ಯಾಪಾರಿಯೂ ಸೊರಾಬಜಿ ಶಾಪೂರಜಿ ಬೆಂಗಾಲಿಯೆಂಬ ಪಾರಸಿ ಮಹನೀಯನೂ ನಿಧಿಯೊಂದನ್ನು ಕೂಡಿಸಿ, ವಿಲಾಯತಿಯಿಂದ ವೈದ್ಯೆಯರನ್ನು ಕರೆಯಿಸಲು ಯತ್ನಿಸಿದರು. ಯಾರನ್ನು ಕರೆಯಬೇಕೆಂದು ಗ್ಯಾರೆಟ್ಟಳನ್ನು ಕೇಳಿದಾಗ ಅವಳು ಹೇಳಿದ ಹೆಸರು ಪೀಚಿಯದು. 1883ರ ಡಿಸೆಂಬರಿನಲ್ಲಿ ಪೀಚಿಯು ಮುಂಬಯಿಗೆ ಬಂದು ದೇಶಭಾಷೆಯನ್ನು ಕಲಿತು ಕೆಲಸಕ್ಕೆ ತೊಡಗಿದಳು. ಪೆಸ್ತನಜಿ ಹೊರ್ಮುಸಜಿ ಕಾಮಾ ಎಂಬವರ ದಾನದಿಂದ ಕಟ್ಟಿದ ಕಾಮಾ ಆಸ್ಪತ್ರೆಯು 1886ರಲ್ಲಿ ತೆರೆಯಲು ಅದರ ಹೊಣೆಯನ್ನು ಹೊತ್ತಳು.

ಅವಳು ಬಂದ ಕೆಲವೇ ತಿಂಗಳಿಗೆ ಮುಂಬಯಿಯಲ್ಲಿ ಒಂದು ಮೊಕದ್ದಮೆ ಹೂಡಲ್ಪಟ್ಟಿತು. ರಖಮಾಬಾಯಿಯೆಂಬವಳು 1864ರಲ್ಲಿ ಹುಟ್ಟಿದವಳು. ಮಗುವಾಗಿದ್ದಾಗಲೇ ತಂದೆ ತೀರಿಕೊಂಡನು. ತಾಯಿಯು ಡಾಕ್ಟರ ಸಖಾರಾಮ ಅರ್ಜುನ ಎಂಬವರನ್ನು ಪುನರ್ವಿವಾಹವಾದಳು. ಇವರು ಹೆಸರಾದ ವೈದ್ಯರು, ಸಸ್ಯಶಾಸ್ತ್ರಜ್ಞರು, ಗ್ರ್ಯಾಂಟ್ ವೈದ್ಯವಿದ್ಯಾಲಯದ ಅಧ್ಯಾಪಕರು. ಹನ್ನೊಂದನೆಯ ವಯಸ್ಸಿನಲ್ಲಿ ರಖಮಾಬಾಯಿಗೆ ದಾದಾಜಿ ಭಿಕಾಜಿ ಎಂಬವನೊಡನೆ ಲಗ್ನವಾಯಿತು. ಆದರೆ ಅವಳು ಗಂಡನ ಮನೆಗೆ ಹೋಗದೆ ಮಲತಂದೆಯ ಮನೆಯಲ್ಲಿಯೇ ಇದ್ದು ಓದಿಕೊಂಡಳು. ವೈದ್ಯನ ಮನೆಯ ಮಾತು, ವೈದ್ಯನ ಮನೆಯ ಪುಸ್ತಕಗಳು ಅವಳ ಸುತ್ತಲೂ ಇದ್ದವು. ಶಾಲೆಯಿಂದ ತಕ್ಕಷ್ಟು ವಿದ್ಯೆ ಆಗದಿದ್ದರೂ ಮಿಶನ್ನಿನ ಪುಸ್ತಕಾಲಯದಿಂದ ಗ್ರಂಥಗಳನ್ನು ತರಿಸಿ ಇಂಗ್ಲಿಷನ್ನು ಕೈವಶಮಾಡಿಕೊಂಡಳು. 1884ರಲ್ಲಿ ದಾದಾಜಿಯು ಹೆಂಡತಿಯನ್ನು ತನ್ನ ಮನೆಗೆ ಕಳಿಸಬೇಕೆಂದು ದಾವೆ ಹೂಡಿದನು. ವಾದ ನಡೆಯುತ್ತಿರುವಾಗಲೇ, 1885ರ ಏಪ್ರಿಲಿನಲ್ಲಿ, ಸಖಾರಾಮ ಅರ್ಜುನರು ಕಾಲವಾದರು. ಮನೆಯೊಳಗಿನ ಒಬ್ಬ ವೈದ್ಯರ ಆಸರೆಯು ಹೀಗೆ ತಪ್ಪಿತು.

ಆ ವರ್ಷವೇ ನ್ಯಾಯಾಧೀಶ ಪಿನ್ಹೀ ಅವರು, ಅರಿಯದ ವಯಸ್ಸಿನಲ್ಲಿ ಲಗ್ನವಾದ ಹೆಣ್ಣನ್ನು ಬಲಾತ್ಕಾರದಿಂದ ಗಂಡನ ಮನೆಗೆ ಕಳಿಸಲಾಗದೆಂದು ಅವಳ ಪಕ್ಷದಲ್ಲಿ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. 1887ರ ಮಾರ್ಚ 4ರಂದು ನ್ಯಾಯಾಧೀಶ ಫ್ಯಾರನ್ನರು, ಗಂಡನ ಮನೆಗೆ ಹೋಗತಕ್ಕದ್ದು, ತಪ್ಪಿದರೆ ಆರು ತಿಂಗಳು ಸೆರೆಮನೆ ಎಂದು ಅಪ್ಪಣೆ ಮಾಡಿದರು. ಸೆರೆಮನೆಯೇ ಆಗಲಿ ಎಂದಳು ರಖಮಾಬಾಯಿ. ಆಗ ಅವಳಿಗೆ 22 ವರ್ಷ. ಆಗಿನ ಮುಂಬಯಿ ಉಚ್ಚ ನ್ಯಾಯಾಲಯದ ಅಧಿಕಾರವು ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಮೇಲೆಯೂ ಇದ್ದಿತು. ಅಲ್ಲಿಯ ಮಾತು ಈ ಭಾಗದ ಮನೆಮನೆಯ ಹೆಣ್ಣುಮಕ್ಕಳಿಗೂ ತಗಲುವಂಥದ್ದು. ಇನ್ನೊಂದು ಸಂಗತಿಯನ್ನೂ ಲಕ್ಷ್ಯಕ್ಕೆ ತರಬೇಕು. ಅಮೇರಿಕೆಗೆ ಹೋಗಿ 1886ರಲ್ಲಿ ವೈದ್ಯಪದವಿಯನ್ನು ಪಡೆದು ಬಂದ ಆನಂದೀಬಾಯಿ ಜೋಶಿಯವರು ಕ್ಷಯದಿಂದ ಪುಣೆಯಲ್ಲಿ ತೀರಿಕೊಂಡದ್ದು 1887ರ ಫೆಬ್ರುವರಿ 26ರಂದು. ಅವರಿಗೆ ಇನ್ನೂ 22 ತುಂಬಿರಲಿಲ್ಲ. ಒಂದು ವಾರದೊಳಗೆ ಒಬ್ಬಳ ಚಿತೆ, ಇನ್ನೊಬ್ಬಳಿಗೆ ಸೆರೆಮನೆಯ ಆಜ್ಞೆ. ಹೆಣ್ಣು ವೈದ್ಯವಿದ್ಯೆಯನ್ನು ಬಯಸಿದರೆ ಇದೇ ಫಲವೆಂದು ಹೇಳುವವರಿಗೆ ಅಂದು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗಿರಲಿಲ್ಲ.

ಇಂಥ ವೇಳೆಯಲ್ಲಿ ಪೀಚಿಯು ರಖಮಾಬಾಯಿಯ ಬೆನ್ನಿಗೆ ನಿಂತಳು. ಪೀಚಿಗೆ ಸ್ಥಾನಮಾನವಿದ್ದಿತು, 1888ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸೆನೆಟ್ ಸಭೆಗೆ ಆರಿಸಲ್ಪಟ್ಟ ಮೊದಲನೆಯ ಸ್ತ್ರೀಯವಳು. ಊರಿನ ಪ್ರಮುಖರು ಎರಡು ಪಕ್ಷವಾಗಿ ಕಾದಾಡುತ್ತಿದ್ದ ವ್ಯಾಜ್ಯದಲ್ಲಿ ಕೈಹಾಕದೆ ತನ್ನ ಆಸ್ಪತ್ರೆಯನ್ನು ನೋಡಿಕೊಂಡಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಕೆಸರು ಎರಚಿಸಿಕೊಂಡವಳಿಗೆ ಕೆಸರಿನ ಭಯವೆಲ್ಲಿಯದು? ರಖಮಾಬಾಯಿಯ ಮನಸ್ಸಿನಲ್ಲಿದ್ದ ವೈದ್ಯಳಾಗುವ ಆಶೆಗೆ ಪೀಚಿಯು ನೀರೆರೆದಳು. ಎಲ್ಲಿ ಕಲಿಯಬೇಕೆಂಬ ದಾರಿಯನ್ನು ತೋರಿಸಿದಳು. ಹಣವನ್ನು ಕೂಡಿಸುವದರಲ್ಲಿ ಕೈಗೂಡಿಸಿದಳು. ಇಂದೂರಿನ ಶಿವಾಜಿರಾವ್ ಹೋಳಕರರು 500 ರೂಪಾಯಿಗಳನ್ನು ಕೊಟ್ಟರು. 1888ರ ಜುಲೈಯಲ್ಲಿ ದಾದಾಜಿಯು 2000 ರೂಪಾಯಿಗಳನ್ನು ತೆಗೆದುಕೊಂಡು ತನ್ನ ಹಕ್ಕನ್ನು ಬಿಟ್ಟುಕೊಟ್ಟನು, ಸೆರೆಮನೆಯು ತಪ್ಪಿತು. 1889ರಲ್ಲಿ ರಖಮಾಬಾಯಿಯು ಹಡಗವನ್ನು ಹತ್ತಿದಳು. ಲಂಡನ್ನಿನಲ್ಲಿ ಈವಾ ಮೆಕ್ಲಾರನ್ ದಂಪತಿಗಳು ಆಶ್ರಯವಿತ್ತರು. ಅವಳು ಸೇರಿದ ಸ್ತ್ರೀವೈದ್ಯವಿದ್ಯಾಲಯವು ಜೆಕ್ಸ್-ಬ್ಲೇಕಳು ಸ್ಥಾಪಿಸಿದ್ದು. ಆಗ ಅದರ ಮುಖ್ಯಾಧಿಕಾರಿಣಿಯು, ಮದುವೆಯ ಬಳಿಕ ಗ್ಯಾರೆಟ್ ಆ್ಯಂಡರ್ಸನ್ ಎನಿಸಿದ್ದ, ಅದೇ ಎಲಿಝಬೆಥ್ ಗ್ಯಾರೆಟ್. ಬ್ಲ್ಯಾಕ್‌ವೆಲ್ಲಳು ಹೊತ್ತಿಸಿದ ಎರಡು ದೀಪಗಳ ಬೆಳಕೂ ಒಟ್ಟಿಗೆ ಬಿದ್ದ ಸ್ಥಳವದು.

ಇಲ್ಲಿ ಸ್ವಲ್ಪ ನಿಂತು ಇಂದಿನ ಮಾತನ್ನು ಆಡಬೇಕಾಗಿದೆ. ಈಗ ಬಾಗಿಲುಗಳು ಬಹಳವಾಗಿವೆ. ಬೆಳಗಾವಿಯಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ, ಮೈಸೂರಿನಲ್ಲಿ 1984ರಲ್ಲಿ ನಮ್ಮವರ ವಿದ್ಯಾಸಂಸ್ಥೆಗಳೇ ವೈದ್ಯವಿದ್ಯಾಲಯಗಳನ್ನು ತೆರೆದವು. ಹೆಣ್ಣೆಂಬ ಕಾರಣದಿಂದ ಯಾರನ್ನೂ ತಡೆಯುವದಿಲ್ಲ. ದೇಶಕ್ಕೆಲ್ಲ ಒಂದೇ ಪ್ರವೇಶಪರೀಕ್ಷೆ ಬಂದಿದೆ. 180 ಪ್ರಶ್ನೆ, 720 ಅಂಕ. ಪಕ್ಷಪಾತವಿಲ್ಲದ ಅಳತೆಯು ಬೇಕೇ ಬೇಕು, ಅದನ್ನು ಹಳಿಯುವದು ಸಲ್ಲದು. ಆದರೆ ಹುಣ್ಣಿನ ವಾಸನೆಗೆ ಮುಖ ತಿರುಗಿಸದೆ ನಿಲ್ಲಬಲ್ಲೆಯಾ, ಸಾಯುವವನ ಹೆಂಡತಿಗೆ ಏನು ಹೇಳಬಲ್ಲೆ ಎಂದು ಆ ಕಾಗದವು ಕೇಳುವದಿಲ್ಲ. ವೈದ್ಯರ ಮಕ್ಕಳಿಗೆ ಇದು ಮನೆಯಲ್ಲಿಯೇ ತಿಳಿಯುತ್ತದೆ. ಒಕ್ಕಲಿಗನ ಮಗಳು, ನೇಕಾರನ ಮಗ, ಮಠದ ಪ್ರಸಾದನಿಲಯದಲ್ಲಿ ಉಂಡು ಓದುವ ಹುಡುಗ—ಇವರು ಅನೇಕ ವೇಳೆ ಒಬ್ಬ ವೈದ್ಯನೊಡನೆ ಹತ್ತು ನಿಮಿಷವೂ ಮಾತನಾಡದೆ ಜೀವಮಾನದ ನಿರ್ಣಯವನ್ನು ಮಾಡುತ್ತಾರೆ. ಅಂಕ ಸಾಲದೆ ಹೋದಾಗ, ಇನ್ನೊಮ್ಮೆ ಕುಳಿತುಕೋ ಎನ್ನಬೇಕೊ, ದಾದಿಯ ವಿದ್ಯೆ, ಔಷಧದ ವಿದ್ಯೆ ಮುಂತಾದ ಬೇರೆ ಗೌರವದ ದಾರಿಗಳುಂಟು ಎನ್ನಬೇಕೊ, ಇದನ್ನು ನಿಷ್ಠುರವಾಗಿಯೂ ಪ್ರೀತಿಯಿಂದಲೂ ಹೇಳಬಲ್ಲವನು ಆ ವೃತ್ತಿಯೊಳಗೆ ನಿಂತವನೇ. ಈ ಸಭೆಯಲ್ಲಿ ವೈದ್ಯರು ಹಲವರು ಕುಳಿತಿದ್ದಾರೆ. ರೋಗಿಯ ಅನುಮತಿಯಿಂದ, ರೋಗಿಯ ಮಾನಕ್ಕೆ ಕುಂದು ಬಾರದಂತೆ, ವಾರಕ್ಕೊಂದು ಮಧ್ಯಾಹ್ನ ಅಂಥ ಒಬ್ಬ ವಿದ್ಯಾರ್ಥಿಯನ್ನು ತಮ್ಮ ದವಾಖಾನೆಯ ಮೂಲೆಯಲ್ಲಿ ಕೂಡ್ರಿಸಿಕೊಂಡರೆ, ಡಿಕ್ಸನ್ ಸಹೋದರರು ಮಾಡಿದ್ದೂ ಅದಕ್ಕಿಂತ ಬಹಳ ಹೆಚ್ಚೇನಲ್ಲ. ಈ ಮಾತಿನಿಂದ ಯಾರಿಗಾದರೂ ಸಂಕೋಚವಾಗಿದ್ದರೆ ಕ್ಷಮೆಯಿರಲಿ.

ರಖಮಾಬಾಯಿಯವರು 1894ರಲ್ಲಿ ಪರೀಕ್ಷೆಗಳನ್ನು ಮುಗಿಸಿ ವೈದ್ಯರಾಗಿ ಸ್ವದೇಶಕ್ಕೆ ಮರಳಿ, ಮೊದಲು ಸೂರತಿನಲ್ಲಿಯೂ ಅನಂತರ ರಾಜಕೋಟದಲ್ಲಿಯೂ ಸ್ತ್ರೀಯರ ಆಸ್ಪತ್ರೆಗಳ ಮುಖ್ಯಸ್ಥರಾಗಿ ಸುಮಾರು 35 ವರ್ಷ ಸೇವೆಮಾಡಿದರು. 1904ರಲ್ಲಿ ದಾದಾಜಿಯು ಸತ್ತ ಸುದ್ದಿಯನ್ನು ಕೇಳಿ ಬಿಳಿಯ ಸೀರೆಯನ್ನುಟ್ಟರೆಂದು ಹೇಳುತ್ತಾರೆ. ಅವರ ಅಂತರಂಗವನ್ನು ಬಲ್ಲವರಾರು. ಅವರು ಮುಂಬಯಿಯಲ್ಲಿ 1955ರ ಸೆಪ್ಟೆಂಬರ 25ರಂದು ತೀರಿಕೊಂಡಾಗ 90 ವರ್ಷ ದಾಟಿದ್ದರು.

ಪೀಚಿಯು 1889ರಲ್ಲಿ ಹರ್ಬರ್ಟ್ ಫಿಪ್ಸನ್ ಎಂಬವರನ್ನು ವಿವಾಹವಾಗಿ, 1905ರವರೆಗೂ ಈ ದೇಶದಲ್ಲಿದ್ದು, ತಾಯ್ನಾಡಿಗೆ ಹಿಂತಿರುಗಿ, 1908ರಲ್ಲಿ ಸ್ತನದ ಹುಣ್ಣಿನಿಂದ ಮರಣಹೊಂದಿದಳು. ಪತಿಯು ಅವಳ ಹೆಸರಿನಲ್ಲಿ ಲಂಡನ್ನಿನ ಆ ಸ್ತ್ರೀವೈದ್ಯವಿದ್ಯಾಲಯದಲ್ಲಿ ಒಂದು ವಿದ್ಯಾರ್ಥಿವೇತನವನ್ನು ಸ್ಥಾಪಿಸಿದನು. ತನಗೆ ಬರತಕ್ಕ ವೇತನವನ್ನು ಕಳೆದುಕೊಂಡವಳ ಹೆಸರಿನ ಆ ವೇತನವು 1948ರವರೆಗೂ ವಿದ್ಯಾರ್ಥಿನಿಯರಿಗೆ ಸಲ್ಲುತ್ತಿದ್ದಿತು. ಎಡಿಂಬರೋ ವಿಶ್ವವಿದ್ಯಾಲಯವು 2019ರ ಜುಲೈ 6ರಂದು ಆ ಏಳು ಸ್ತ್ರೀಯರಿಗೂ ಮರಣೋತ್ತರವಾಗಿ ವೈದ್ಯಪದವಿಯನ್ನು ಕೊಟ್ಟಿತು. ಪ್ರಶಸ್ತಿಪತ್ರಗಳನ್ನು ಅವರ ಪರವಾಗಿ ಕೈನೀಡಿ ತೆಗೆದುಕೊಂಡವರು ಆಗ ಅಲ್ಲಿ ವೈದ್ಯವಿದ್ಯೆಯನ್ನು ಓದುತ್ತಿದ್ದ ವಿದ್ಯಾರ್ಥಿನಿಯರು.